ಬಾದಾಮಿಗೆ ಹೋಗದ ಸೀರೆ

ಆ ಬ್ಯಾಂಡಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಅಭಿಮಾನಿಗಳಲ್ಲಿ ತಲೆ ನರೆತ ಒಬ್ಬನಾದರೂ ಎಲ್ಲಿಂದಲೋ ಎದ್ದು ಬಂದು ನನ್ನ ಜೊತೆ ಜಗಳ ತೆಗೆಯುತ್ತಾನೆ. ನನ್ನ ಸಿಟ್ಟು ನನಗೆ ಗೊತ್ತು, ಸುಮ್ಮನಿರುವವನಲ್ಲ ನಾನು. ಅವರು ಇಂಗ್ಲೆಂಡಿನ ಐದು ಜನ, ಹೆಗಲ ಮೇಲೆ ಬೀಳುವ ಕೂದಲು, ಚರ್ಮದ ಅಂಗಿ. ಅವರು ಬಾರಿಸುವುದಕ್ಕೆ ಹೆವಿ ಮೆಟಲ್ ಅನ್ನುತ್ತಾರೆ ಅಂತ ನನಗೆ ತಿಳಿದದ್ದು ಅದನ್ನು ಆರು ತಿಂಗಳು ಕೇಳಿದ ಮೇಲೆ. ಎಂಬತ್ತರ ದಶಕದ ಮೊದಲಲ್ಲಿ, ಇಲಕಲ್ಲಿನ ಒಂದು ನೇಕಾರರ ಮನೆಯಲ್ಲಿ ಕೂತು, ಎರಡು ವರ್ಷ ನಾನು ಆ ಐದು ಜನರನ್ನು ಪ್ರೀತಿಸಿದಷ್ಟು ಹೆತ್ತವರನ್ನೂ ಪ್ರೀತಿಸಲಿಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ನಮ್ಮ ಪಡಸಾಲೆಯಲ್ಲಿ ಎರಡು ಕುಣಿ ಮಗ್ಗ ಇದ್ದವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಕೆಳಗೆ ಕಾಲು ತುಳಿಯುತ್ತಿರುತ್ತದೆ, ಮೇಲೆ ಒಂದು ಕೈ ಹಗ್ಗ ಜಗ್ಗಿ ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಹಲಗೆ ಬಡಿದು ಎಳೆಯನ್ನು ಬಿಗಿ ಮಾಡುತ್ತದೆ. ಕೈ ಕಾಲು ನಾಲ್ಕಕ್ಕೂ ನಾಲ್ಕು ಕೆಲಸ, ತಾಳ ಮಾತ್ರ ಒಂದೇ. ದುಡಿಯುವುದು ಕಾಲೇ ಆದರೂ ಬಟ್ಟೆಗೆ ಕಾಲು ತಾಕಬಾರದು. ಇಳಿಯುವಾಗ ಹತ್ತುವಾಗ ಅಪ್ಪಿತಪ್ಪಿ ತಾಕಿದರೆ, ಬಟ್ಟೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ, ಉಣ್ಣುವುದನ್ನು ಕಲಿಸದ ಹಾಗೆ.

ನಾನು ಮೂರು ವರ್ಷದವನಿದ್ದಾಗ ಜ್ವರ ಬಂದು ಇನ್ನೇನು ಹೋಗಿಯೇ ಬಿಟ್ಟೆ ಅನ್ನುವಂತಾಗಿತ್ತಂತೆ. ಆಗ ಅವ್ವ ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಳು. ಈ ಕೂಸು ಉಳಿದು ಮಗ್ಗಕ್ಕೆ ಕೂತರೆ ಇವನ ಕೈಯಿಂದ ಇಳಿದ ಮೊದಲ ಸೀರೆ ನಿನಗೆ, ಅಂತ. ನಮ್ಮ ಮನೆತನದಲ್ಲಿ ಹೇಗೂ ಮೊದಲ ಸೀರೆ ಬಾದಾಮಿಗೇ ಹೋಗುವ ರೂಢಿ ಇತ್ತು. ಮೊದಲ ಸೀರೆ ಅಂದರೆ, ಆ ತುದಿಯಿಂದ ಈ ತುದಿಯವರೆಗೆ ಆ ಮಗ್ಗದಲ್ಲಿ ಬೇರೆಯವರು ಕೂತಿರಬಾರದು. ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವ ಕೆಲಸ ಮಾತ್ರ ಹೆಂಗಸರದು, ಅದು ಲೆಕ್ಕಕ್ಕಿಲ್ಲ. ನನ್ನ ವಿಷಯದಲ್ಲಿ ರೂಢಿಯ ಮೇಲೆ ಹರಕೆಯೂ ಸೇರಿಕೊಂಡಿತ್ತು. ಹದಿನಾಲ್ಕು ವರ್ಷ ಅವ್ವ ಆ ಸೀರೆಗೆ ಕಾದಳು.

ಕಾಯಿಸಿದ್ದು ನಾನೇ. ಹದಿನೇಳು ತುಂಬಿದರೂ ನನ್ನ ಕೈಯಲ್ಲಿ ಎಳೆ ನಿಲ್ಲುತ್ತಿರಲಿಲ್ಲ. ಪಟಪಟ ಹರಿಯುತ್ತಿದ್ದವು. ತಾಳ ಒಂದು ಕ್ಷಣ ಹಿಡಿದರೆ ಮರುಕ್ಷಣ ತಪ್ಪುತ್ತಿತ್ತು. ಅಪ್ಪ ತಿರುಗಿ ನೋಡದೆಯೇ ಸದ್ದಿನ ಮೇಲೆ ಕಂಡುಹಿಡಿಯುತ್ತಿದ್ದ.

"ಕೈಯಾಗ ಏನ್ ಹಿಡ್ಕೊಂಡಿಯೋ, ಲಾಳಿನೋ ಸಲಿಕಿನೋ?" ಅನ್ನುತ್ತಿದ್ದ.

ಅರ್ಧ ನೇಯ್ದದ್ದನ್ನು ನನ್ನ ಕೈಯಿಂದ ಬಿಡಿಸಿಕೊಂಡು ತಾನೇ ಮುಗಿಸುತ್ತಿದ್ದ. ಹೀಗೆ ಎಷ್ಟೋ ಸೀರೆಗಳು ನನ್ನವೂ ಅಲ್ಲ, ಅವನವೂ ಅಲ್ಲ ಅನ್ನುವಂತೆ ಮಗ್ಗದಿಂದ ಇಳಿದವು. ನನಗೆ ಮಗ್ಗದ ಮೇಲೆ ಹಾಳು ಸಿಟ್ಟು.

ವಾರಕ್ಕೊಮ್ಮೆ ಸೀರೆ ಗಂಟು ಹೊತ್ತು ಬಾಗಲಕೋಟೆಯ ವ್ಯಾಪಾರಿಯ ಅಂಗಡಿಗೆ ಮುಟ್ಟಿಸುವುದು ನನ್ನ ಕೆಲಸ. ಅದೊಂದು ದಿನ ಮಾತ್ರ ಮಗ್ಗದಿಂದ ಬಿಡುಗಡೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಇಂಜಿನಿಯರಿಂಗ್ ಓದಲು ದೆಹಲಿ ಕಡೆಯಿಂದ ಬಂದ ಒಬ್ಬ ವಿದ್ಯಾರ್ಥಿ ಬಾಡಿಗೆಗಿದ್ದ. ಒಂದು ಮಧ್ಯಾಹ್ನ ವ್ಯಾಪಾರಿ ಊಟಕ್ಕೆ ಹೋಗಿದ್ದ, ನಾನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ಮೇಲಿಂದ ಆ ಸದ್ದು ಬಂತು. ಮೊದಲು ಗಿಟಾರು, ತಗಡು ಹರಿದಂತೆ. ಆಮೇಲೆ ಡ್ರಮ್ಮು. ಹಾಡುವವನ ಕಿರುಚಾಟ ನನಗೆ ಆವತ್ತು ಕೇಳಿಸಲೇ ಇಲ್ಲ ಅನ್ನಬೇಕು. ಕೇಳಿಸಿದ್ದು ಡ್ರಮ್ಮೊಂದೇ. ಇವನು ಎರಡು ಕೈ, ಎರಡು ಕಾಲು, ನಾಲ್ಕರಲ್ಲೂ ಬೇರೆ ಬೇರೆ ಕೆಲಸ ಮಾಡುತ್ತಿದ್ದಾನೆ ಅಂತ ಕಣ್ಣಿಂದ ನೋಡದೆಯೇ ತಿಳಿಯಿತು. ಕುಣಿಯಲ್ಲಿ ಕೂತವನಿಗೆ ಅದು ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಆ ವಿದ್ಯಾರ್ಥಿ ನನ್ನನ್ನು ಬೈದು ಕಳಿಸಬಹುದಿತ್ತು. ಕಳಿಸಲಿಲ್ಲ, ಸರಿದು ಜಾಗ ಕೊಟ್ಟ. ಅವನ ಹಿಂದಿ, ನನ್ನ ಮುರುಕು ಉರ್ದು, ಹೇಗೋ ನಡೆಯಿತು. ಮುಂದಿನ ವಾರ ಒಂದು ಕ್ಯಾಸೆಟ್ಟಿಗೆ ಆ ಹಾಡುಗಳನ್ನು ತುಂಬಿಸಿ ಕೊಟ್ಟ.

ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು, ಅಪ್ಪ ಭಜನೆ ಪದ ಕೇಳಲು ತಂದದ್ದು. ಅದನ್ನು ಮಗ್ಗದ ಪಕ್ಕಕ್ಕೆ ಇಟ್ಟುಕೊಂಡೆ. ಮೊದಲ ದಿನ ಅಪ್ಪ ಐದು ನಿಮಿಷ ಸಹಿಸಿದ.

"ಇದನ್ನ ಕೇಳಾಕ ಟೇಪ್ ಯಾಕೋ ಬೇಕು? ಗುಡ್ಡಕ್ಕ ಹೋಗು. ಕಲ್ಲು ಒಡಿಯೋರು ಪುಕ್ಕಟೆ ಕೇಳಸ್ತಾರ."

ನಮ್ಮೂರಿನ ಸುತ್ತ ಕೆಂಪು ಕಲ್ಲಿನ ಗಣಿಗಳು. ಹಾಗಾಗಿ ಅಪ್ಪನ ಮಾತು ತೀರಾ ಸುಳ್ಳೂ ಅಲ್ಲ. ಆದರೆ ಒಂದು ವಾರ ಕಳೆಯುವುದರೊಳಗೆ ಅವನು ಬಾಯಿ ಮುಚ್ಚಿದ. ಯಾಕೆಂದರೆ ನನ್ನ ಎಳೆ ಹರಿಯುವುದು ನಿಂತಿತ್ತು. ಆ ಡ್ರಮ್ಮಿನವನು ಮುಂದೆ, ನಾನು ಅವನ ಹಿಂದೆ. ಅವನು ಕಾಲು ತುಳಿದರೆ ನನ್ನ ಕಾಲು, ಅವನು ಹೊಡೆದರೆ ನನ್ನ ಹಲಗೆ. ಅಪ್ಪ ಹತ್ತು ವರ್ಷ ಬೈದು ಕಲಿಸಲಾಗದ್ದನ್ನು ಮುಖ ಕಾಣದ ಒಬ್ಬ ಮನುಷ್ಯ ಕಲಿಸಿಬಿಟ್ಟ. ಅವ್ವ ಅವರಿಗೆ 'ಗದ್ದಲದವರು' ಅಂತ ಹೆಸರಿಟ್ಟಳು. ಬೆಳಿಗ್ಗೆ ರೊಟ್ಟಿ ತಟ್ಟುತ್ತಲೇ, "ಏಳೋ ಯಪ್ಪಾ, ನಿನ್ನ ಗದ್ದಲದವ್ರು ಕಾಯಾಕತ್ತಾರ" ಅನ್ನುತ್ತಿದ್ದಳು. ಅವಳ ರೊಟ್ಟಿಯ ಬಡಿತವೂ ಕೆಲವು ಸಲ ಅವರ ತಾಳಕ್ಕೆ ಬೀಳುತ್ತಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ.

ಆ ಚಳಿಗಾಲದಲ್ಲಿ ನನ್ನ ಮೊದಲ ಸೀರೆ ಮುಗಿಯಿತು. ಗಿಣಿ ಹಸಿರು ಮೈ, ಕೆಂಪು ರೇಷ್ಮೆಯ ಸೆರಗು. ಸೆರಗಿನಲ್ಲಿ ಬಿಳಿ ಎಳೆಯ ಗೋಪುರದ ಸಾಲು, ನಮ್ಮೂರಿನವರು ತೋಪು ತೆನಿ ಅನ್ನುವ ಸೆರಗು. ಕೊಂಡಿಯನ್ನು ಅವ್ವ ಮೂರು ದಿನ ಕೂತು ಹಾಕಿದ್ದಳು, ಇನ್ನೊಬ್ಬಳಿಗೆ ಮುಟ್ಟಲು ಕೊಡಲಿಲ್ಲ. ಮಗ್ಗದಿಂದ ಇಳಿಸಿದಾಗ ಅಪ್ಪ ಅದನ್ನು ಬೆಳಕಿಗೆ ಹಿಡಿದು ಅಂಚಿನುದ್ದಕ್ಕೂ ಬೆರಳಾಡಿಸಿದ. ಎಲ್ಲೂ ಬೆರಳು ನಿಲ್ಲಲಿಲ್ಲ. ಅವನಿಂದ ಅದೇ ಹೊಗಳಿಕೆ.

ಬಾದಾಮಿಗೆ ಹೋಗುವುದೆಂದು ಒಂದು ಶುಕ್ರವಾರ ಗೊತ್ತಾಯಿತು. ಆದರೆ ಅವ್ವ ಆಗಷ್ಟೇ ಜ್ವರದಿಂದ ಎದ್ದಿದ್ದಳು, ಬಸ್ಸಿನಲ್ಲಿ ಅಷ್ಟು ದೂರ ಬರುವಂತಿರಲಿಲ್ಲ. ಮುಂದೂಡೋಣ ಅಂತ ಅಪ್ಪ ಅಂದರೆ, ಕೊಟ್ಟ ಮಾತು ಇನ್ನೊಂದು ದಿನವೂ ತಡವಾಗುವುದು ಬೇಡ, ನೀನೊಬ್ಬನೇ ಹೋಗಿ ಬಾ ಅಂದಳು. ಸೀರೆಯನ್ನು ಹೊಸ ಪಂಚೆಯಲ್ಲಿ ಸುತ್ತಿ, ಮೇಲೆ ಅರಿಶಿನ ಹಚ್ಚಿದ ದಾರ ಕಟ್ಟಿ ಕೊಟ್ಟಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ತಿಂಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಆ ವಿದ್ಯಾರ್ಥಿಯ ಹತ್ತಿರ ಅವರ ಅಸಲು ಕ್ಯಾಸೆಟ್ ಇತ್ತು, ಅದರ ಒಳಗಿನ ಕಾಗದದಲ್ಲಿ ಅವರ ವಿಳಾಸವಿತ್ತು. ಅದನ್ನು ಬರೆಸಿಕೊಂಡು ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ನನ್ನ ತರ್ಕ ಹೀಗಿತ್ತು: ಬನಶಂಕರಿ ನನ್ನನ್ನು ಬದುಕಿಸಿದ್ದಾಳೆ, ಒಪ್ಪಿದೆ. ಆದರೆ ಮಗ್ಗಕ್ಕೆ ಕೂರಿಸಿದ್ದು ಯಾರು? ಸೀರೆ ನೇಯಿಸಿದ್ದು ಯಾರು? ನ್ಯಾಯವಾಗಿ ಇದು ಯಾರಿಗೆ ಸಲ್ಲಬೇಕು? ನಮ್ಮಲ್ಲಿ ಒಬ್ಬರಿಗೆ ಮರ್ಯಾದೆ ಮಾಡಬೇಕಾದರೆ ಬಟ್ಟೆ ಕೊಡುತ್ತೇವೆ. ಆಯೇರಿ ಅನ್ನುತ್ತೇವೆ. ಬೀಗರಿಗೆ, ಗುರುಗಳಿಗೆ, ಚೆನ್ನಾಗಿ ಹಾಡಿದವರಿಗೆ, ಎಲ್ಲರಿಗೂ ಬಟ್ಟೆಯೇ. ನನ್ನ ಗುರುವಿಗೂ ಆಯೇರಿ ಸಲ್ಲಬೇಡವೇ? ಹದಿನೆಂಟರ ತಲೆಗೆ ಇದು ವೇದಾಂತದಷ್ಟು ಗಟ್ಟಿಯಾಗಿ ಕಂಡಿತ್ತು.

ಹುನಗುಂದ ದಾಟಿ ಅಮೀನಗಡದಲ್ಲಿ ಬಸ್ಸು ನಿಂತಿತು. ಬಾದಾಮಿಗೆ ಅಲ್ಲಿ ಬಸ್ಸು ಬದಲಿಸಬೇಕಿತ್ತು. ಇಳಿದು ಕರದಂಟಿನ ಅಂಗಡಿಯ ಮುಂದೆ ನಿಂತೆ. ಬಾದಾಮಿಯ ಬಸ್ಸು ಬಂತು, ಜನ ಹತ್ತಿದರು, ಹೋಯಿತು. ನಾನು ನೋಡುತ್ತಾ ನಿಂತಿದ್ದೆ. ಆಮೇಲೆ ಬಂದ ಬಾಗಲಕೋಟೆಯ ಬಸ್ಸು ಹತ್ತಿದೆ.

ಬಾಗಲಕೋಟೆಯಲ್ಲಿ ಒಬ್ಬ ದರ್ಜಿಯ ಹತ್ತಿರ ಗಂಟಿಗೆ ಬಿಳಿ ಅರಿವೆ ಹೊಲಿಸಿದೆ. ಅರಿಶಿನದ ದಾರ ಬಿಚ್ಚಲಿಲ್ಲ, ಅದರ ಮೇಲೆಯೇ ಹೊಲಿಸಿದೆ. ಅಂಚೆ ಕಚೇರಿಯಲ್ಲಿ ಗುಮಾಸ್ತರು ವಿಳಾಸ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇಂಗ್ಲೆಂಡಿಗೇನ್ರೀ? ಒಳಗ ಏನೈತಿ?"

"ಸೀರಿ ಐತ್ರಿ. ಆಯೇರಿ."

"ಅಲ್ಲಿ ಯಾರದಾರ, ಬೀಗರೇನು?"

"ಹೂನ್ರಿ, ಬೀಗರು" ಅಂದೆ. ಅವರು ನಕ್ಕು, ಅರಗು ಕರಗಿಸಿ ಮುದ್ರೆ ಒತ್ತಿದರು. ಆ ಕ್ಷಣದಲ್ಲಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೊರಗೆ ಬಂದು ಒಬ್ಬನೇ ನಗುತ್ತಾ ರಸ್ತೆಯಲ್ಲಿ ನಡೆದೆ.

ಮನೆಗೆ ಪ್ರಸಾದ ಬೇಕಲ್ಲ. ಮಾರುಕಟ್ಟೆಯಲ್ಲಿ ಕುಂಕುಮ ಕೊಂಡೆ, ನಾಲ್ಕು ಬಾಳೆಹಣ್ಣು, ಒಂದು ಕಾಯಿ. ಕಾಯಿಯನ್ನು ಬಸ್ ನಿಲ್ದಾಣದ ಕಟ್ಟೆಗೆ ಒಡೆದು ಎರಡು ಹೋಳು ಮಾಡಿಕೊಂಡೆ. ರಾತ್ರಿ ಊಟಕ್ಕೆ ಮೊದಲು ಅವ್ವ ಆ ಕುಂಕುಮವನ್ನು ನೆಲಕ್ಕಿಡದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಅಪ್ಪನ ಹಣೆಗೆ ಹಚ್ಚಿದಳು, ನನ್ನ ಹಣೆಗೆ ಹಚ್ಚಿದಳು.

"ಉಡಿಸಿದ್ರಾ? ನೋಡಿದ್ಯಾ ನೀನು?" ಅಂದಳು.

"ನೋಡಿದೆ. ಭಾಳ ಚಂದ ಕಾಣತಿತ್ತು" ಅಂದೆ.

ಅವಳ ಕಣ್ಣಲ್ಲಿ ನೀರು ಬಂತು. ಕಾಯಿಯನ್ನು ತುರಿದು ಬೆಲ್ಲ ಹಾಕಿ ನೆರೆಮನೆಗೂ ಹಂಚಿದಳು.

ಎಂಥ ಬಣ್ಣದ ಸೀರೆ ಕಳಿಸಿದ್ದೇನೆ ಅಂತ ಆ ವಿದ್ಯಾರ್ಥಿಯೊಬ್ಬನಿಗೆ ಹೇಳಿದ್ದೆ. ಇಂಗ್ಲೆಂಡಿನಿಂದ ಉತ್ತರ ಬರಲಿಲ್ಲ. ತಿಂಗಳು ಕಳೆಯಿತು, ಮಳೆಗಾಲ ಕಳೆಯಿತು. ದೊಡ್ಡ ಜನ, ಊರೂರು ತಿರುಗುವವರು, ಪತ್ರ ಬರೆಯಲು ಪುರುಸೊತ್ತೆಲ್ಲಿ ಅಂತ ನಾನೇ ಅವರ ಪರವಾಗಿ ವಕೀಲಿಕೆ ಮಾಡಿದೆ. ಅವರ ಹೊಸ ಕ್ಯಾಸೆಟ್ ಬಂತು. ಕೇಳಿದರೆ ಡ್ರಮ್ಮು ಎಲ್ಲೋ ಹಿತ್ತಲಿನಲ್ಲಿ ಬಾರಿಸಿದಂತಿತ್ತು, ಮುಂದೆ ಏನೋ ಸಕ್ಕರೆ ಪಾಕದಂಥ ಪಿಯಾನೊ, ಹಾಡುವವನು ಕಿರುಚುವುದು ಬಿಟ್ಟು ಗೋಗರೆಯುತ್ತಿದ್ದ. ಆ ವಿದ್ಯಾರ್ಥಿ ಮುಖ ಕಿವಿಚಿದ. ನಾನು ಅದಕ್ಕೂ ವಕೀಲಿಕೆ ಮಾಡಿದೆ. ಅವರಿಗೂ ವಯಸ್ಸಾಗುವುದಿಲ್ಲವೇ ಅಂದೆ. ಮನೆಗೆ ತಂದು ಮಗ್ಗದ ಪಕ್ಕ ಹಾಕಿದೆ, ಎರಡು ದಿನ ಕಷ್ಟಪಟ್ಟೆ, ಸುಮ್ಮನೆ ಹಳೆಯ ಕ್ಯಾಸೆಟ್ಟಿಗೆ ಮರಳಿದೆ. ಅಷ್ಟಕ್ಕೇ ನಿಂತಿದ್ದರೆ, ಮೊದಲು ಚೆನ್ನಾಗಿದ್ದರು ಆಮೇಲೆ ಕೆಟ್ಟರು ಅನ್ನುವ ಸಾವಿರ ಅಭಿಮಾನಿಗಳಲ್ಲಿ ನಾನೂ ಒಬ್ಬನಾಗಿ ಉಳಿಯುತ್ತಿದ್ದೆ.

ಆ ವಿದ್ಯಾರ್ಥಿ ರಜೆ ಮುಗಿಸಿ ದೆಹಲಿಯಿಂದ ಬರುವಾಗ ಒಂದು ಇಂಗ್ಲಿಷ್ ಪತ್ರಿಕೆ ತಂದಿದ್ದ. ನಾನು ಮೆಟ್ಟಿಲು ಹತ್ತುವ ಮೊದಲೇ ಮೇಲಿಂದ ಕೂಗಿದ. ಪುಟ ಬಿಡಿಸಿ ನನ್ನ ಮುಂದೆ ಹಿಡಿದ. ಬಣ್ಣದ ಚಿತ್ರ. ವೇದಿಕೆ, ಹೊಗೆ, ದೀಪಗಳು, ನಡುವೆ ಡ್ರಮ್ಮಿನ ರಾಶಿ. ಅದರ ಕೆಳಗೆ ನೆಲದ ಮೇಲೆ ನನ್ನ ಸೀರೆ ಹಾಸಿತ್ತು.

ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ. ಮಡಿಸಿದ ಹಸಿರು ಮೈ ಹಿಂದೆ, ಕೆಂಪು ಸೆರಗು ಮುಂದೆ ಜನರ ಕಡೆಗೆ. ಡ್ರಮ್ಮಿನ ಕಬ್ಬಿಣದ ಕಾಲುಗಳು ಸೆರಗಿಗೆ ನೆಟ್ಟಿದ್ದವು. ಹಾಡುವವನು ಒಂದು ಬೂಟುಗಾಲನ್ನು ಸರಿಯಾಗಿ ಗೋಪುರದ ಸಾಲಿನ ಮೇಲೆ ಊರಿ, ಬಾಯಿ ತೆರೆದು ನಿಂತಿದ್ದ. ಪಕ್ಕದಲ್ಲಿ ಉರುಳಿದ ಒಂದು ಡಬ್ಬಿ, ಅದರಿಂದ ಏನೋ ಚೆಲ್ಲಿ ರೇಷ್ಮೆ ಕಪ್ಪಾಗಿತ್ತು.

ಆ ವಿದ್ಯಾರ್ಥಿ ಸಂತೋಷದಿಂದ ಕುಣಿಯುತ್ತಿದ್ದ. ಡ್ರಮ್ಮು ಜಾರಬಾರದೆಂದು ಕೆಳಗೆ ಏನಾದರೂ ಹಾಸುತ್ತಾರೆ, ನಿನ್ನ ಬಟ್ಟೆಯನ್ನೇ ಹಾಸಿದ್ದಾರೆ, ಊರೂರಿಗೆ ಒಯ್ಯುತ್ತಿದ್ದಾರೆ, ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ಅಭಿಮಾನಿಗೆ ಸಿಕ್ಕಿದೆ ಹೇಳು ಅಂದ. ಅವನ ದೃಷ್ಟಿಯಲ್ಲಿ ಅದು ಸುಳ್ಳಲ್ಲ ಅಂತ ಇವತ್ತು ಒಪ್ಪುತ್ತೇನೆ. ಆವತ್ತು ನಾನು ಅವನ ಕೈಯಿಂದ ಪುಟ ಹರಿದುಕೊಂಡೆ, ಬಾಯಿಗೆ ಬಂದಂತೆ ಬೈದೆ. ಅವನಿಗೆ ಅರ್ಥವಾಗದ ಕನ್ನಡದಲ್ಲಿ ಬೈದೆ. ಅವನು ಗಾಬರಿಯಾಗಿ ಗೋಡೆಗೆ ಸರಿದು ನಿಂತ. ಅದೇ ಕೊನೆ, ಆ ಮೆಟ್ಟಿಲು ನಾನು ಮತ್ತೆ ಹತ್ತಲಿಲ್ಲ. ನನ್ನನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದವನು ಅವನೊಬ್ಬನೇ, ಅವನಿಗೆ ನಾನು ಮಾಡಿದ್ದು ಇಷ್ಟು.

ಮನೆಗೆ ಬಂದು ಕ್ಯಾಸೆಟ್ಟುಗಳ ಹೊಟ್ಟೆ ಬಗೆದೆ. ಊರ ಹೊರಗೆ ನಮ್ಮ ನೆರೆಯವರ ಜೋಳದ ಹೊಲ ತೆನೆಗೆ ಬಂದಿತ್ತು. ಹಕ್ಕಿ ಬೆದರಿಸಲು ಹೊಲದಲ್ಲಿ ಟೇಪು ಕಟ್ಟುತ್ತಿದ್ದ ಕಾಲ ಅದು. ಅವರಿಗೆ ಕೊಟ್ಟೆ. ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರು. ಗಾಳಿ ಬಂದಾಗ ಗುಂಯ್ ಅನ್ನುತ್ತಿತ್ತು, ಬಿಸಿಲಿಗೆ ಮಿಂಚುತ್ತಿತ್ತು, ಗಿಣಿ ಗುಬ್ಬಿ ಹತ್ತಿರ ಸುಳಿಯಲಿಲ್ಲ.

"ಭಾಳ ಚಲೋ ಮಾಲು ಐತಿ. ಇನ್ನೀಟು ಇದ್ರ ಕೊಡೋ ತಮ್ಮಾ" ಅಂತ ಹೊಲದವರು ಮತ್ತೆ ಕೇಳಿಕೊಂಡು ಬಂದರು. ಬೇರೆ ಸಮಯದಲ್ಲಾಗಿದ್ದರೆ ನಗುತ್ತಿದ್ದೆ.

ಸದ್ದಿಲ್ಲದೆ ನೇಯ್ದೆ. ಅಚ್ಚರಿಯೆಂದರೆ ಎಳೆ ಹರಿಯಲಿಲ್ಲ, ತಾಳ ಕಾಲಿಗೇ ಇಳಿದುಬಿಟ್ಟಿತ್ತು. ಯಾರ ಮೇಲೆ ಉರಿಯುತ್ತಿದ್ದೆನೋ ಅವರ ತಾಳದಲ್ಲೇ ದಿನವಿಡೀ ತುಳಿಯಬೇಕಾಗಿತ್ತು. ಮೂರನೆಯ ದಿನ ಅವ್ವ ರೊಟ್ಟಿ ತಂದು ಪಕ್ಕದಲ್ಲಿ ಕೂತಳು. ಅಪ್ಪ ನೂಲು ತರಲು ಹೋಗಿದ್ದ.

"ಯಾಕೋ ಯಪ್ಪಾ, ನಿನ್ನ ಗದ್ದಲದವ್ರು ಎಲ್ಲಿ ಹ್ವಾದ್ರು?"

ನಾನು ಅಂಗಿಯ ಕಿಸೆಯಿಂದ ಆ ಪುಟ ತೆಗೆದು ಕೊಟ್ಟೆ. ಎಲ್ಲವನ್ನೂ ಹೇಳಿದೆ. ಅಮೀನಗಡದಲ್ಲಿ ಬಸ್ಸು ಬಿಟ್ಟದ್ದು, ಅಂಚೆ ಕಚೇರಿ, ಮಾರುಕಟ್ಟೆಯ ಕುಂಕುಮ, ಕಟ್ಟೆಗೆ ಒಡೆದ ಕಾಯಿ. ಹೇಳುತ್ತಾ ಹೇಳುತ್ತಾ ಸಿಟ್ಟು ಏರಿತು. ಎಂಥಾ ಜನ ನೋಡವ್ವಾ, ಆಯೇರಿ ಕೊಟ್ಟರೆ ಕಾಲಲ್ಲಿ ತುಳಿದರು, ಗೋಪುರದ ಮೇಲೆ ಬೂಟು ಇಟ್ಟರು, ಇವರನ್ನು ನಾನು ಗುರು ಅಂತ ನಂಬಿದ್ದೆ ಅಂತ ಕೂಗಾಡಿದೆ.

ಅವ್ವ ಪುಟವನ್ನು ಬಾಗಿಲ ಬೆಳಕಿಗೆ ಹಿಡಿದಳು. ತಾನು ಕೊಂಡಿ ಹಾಕಿದ ಜಾಗ, ಹಸಿರು ಕೆಂಪು ಕೂಡುವ ಆ ಗೆರೆ, ಚಿತ್ರದಲ್ಲಿ ಕೂದಲೆಳೆಯಷ್ಟೇ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟಳು. ಬಯ್ಯಲಿ ಅಂತ ನಾನು ಕಾದೆ, ಹೊಡೆದರೆ ಇನ್ನೂ ಒಳ್ಳೆಯದು ಅಂದುಕೊಂಡೆ.

"ಅವ್ರಿಗೇನ್ ಗೊತ್ತಪಾ, ಅದು ಏನಂತ" ಅಂದಳು. "ನಿನಗ ಗೊತ್ತಿತ್ತಲ್ಲ."

ಪುಟವನ್ನು ಮಡಿಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಪ್ಪನಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಆ ದಿನದವರೆಗೆ ನನ್ನ ಸಿಟ್ಟಿಗೆ ಇಂಗ್ಲೆಂಡಿನ ದಾರಿ ಗೊತ್ತಿತ್ತು. ಆಮೇಲೆ ಅದಕ್ಕೆ ಹೋಗಲು ಬೇರೆ ಜಾಗ ಉಳಿಯಲಿಲ್ಲ, ನನ್ನ ಹತ್ತಿರವೇ ಕೂತಿತು.

ಒಂದು ವರ್ಷದ ಮೇಲೆ ನಾನು ಇನ್ನೊಂದು ಸೀರೆ ನೇಯ್ದೆ. ಅದೇ ಹಸಿರು, ಅದೇ ಕೆಂಪು, ಅದೇ ಗೋಪುರ. ಆಗ ನನ್ನ ಕೈ ಪಳಗಿತ್ತು, ಮೊದಲಿನದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು. ನಡುವೆ ಎಷ್ಟು ಸೀರೆ ಇಳಿದವೋ ಯಾರು ಎಣಿಸುತ್ತಾರೆ, ಇದನ್ನೇ ಮೊದಲನೆಯದು ಅಂದುಕೊಂಡರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಅವ್ವನಿಗೆ ತೋರಿಸಿ, ಬಾದಾಮಿಗೆ ಹೋಗೋಣ ನಡಿ ಅಂದೆ. ಬಂದಳು. ಬಸ್ಸಿನುದ್ದಕ್ಕೂ ಸೀರೆಯ ಗಂಟು ಅವಳ ತೊಡೆಯ ಮೇಲಿತ್ತು.

ಗುಡಿಯಲ್ಲಿ ಜನ ಕಡಿಮೆ ಇದ್ದರು. ಅವ್ವ ತಟ್ಟೆಯಲ್ಲಿ ಸೀರೆ, ಕುಪ್ಪಸದ ಕಣ, ಉತ್ತತ್ತಿ, ಅರಿಶಿನ ಕೊಂಬು ಇಟ್ಟು ಮುಂದೆ ಚಾಚಿದಳು. ಪೂಜಾರಿ ವಯಸ್ಸಾದವರು, ನೇಕಾರರ ಮನೆಗಳ ರೂಢಿ ಎಲ್ಲ ಬಲ್ಲವರು. ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮಗನ ಮೊದಲ ಸೀರಿ ಏನವ್ವಾ?"

ನಾನು ಅವ್ವನ ಮುಖ ನೋಡಿದೆ. ಹೂಂ ಅಂದರೆ ಮುಗಿಯುತ್ತಿತ್ತು. ಒಂದೇ ಒಂದು ಹೂಂ, ನಾನು ಅವಳಿಗೆ ಹೇಳಿದ್ದಕ್ಕಿಂತ ಎಷ್ಟೋ ಸಣ್ಣ ಸುಳ್ಳು.

"ಅಲ್ರಿ" ಅಂದಳು ಅವ್ವ. "ಇದು ಸುಮ್ನ ಉಡಿ ತುಂಬಾಕ ತಂದದ್ದು. ಮೊದಲಿಂದು ಇನ್ನೂ ನೇಯಾಕತ್ತಾನ್ರಿ."

ಪೂಜಾರಿ ತಟ್ಟೆ ಎತ್ತಿಕೊಂಡು, "ಯಾವಾಗ ಮುಗಿತೈತೋ ತಮ್ಮಾ?" ಅಂತ ನನ್ನನ್ನು ಕೇಳಿದರು. ಅವ್ವನೂ ನನ್ನ ಕಡೆ ತಿರುಗಿದಳು, ಉತ್ತರ ತನಗೂ ಬೇಕು ಅನ್ನುವಂತೆ.